ಬಾಲ ಬಂದ ಧಾಬಳಿ

ಸರಸ್ವತೀಬಾಯಿ: ಮಾತು ತೇಲಿಸಬ್ಯಾಡ್ರಿ. ಧಾಬಳಿಗೆ ಬಾಲ ಯಾಕ ಬಂತು, ಅಷ್ಟು ಹೇಳ್ರಿ.

ತಿರುಮಲರಾವ್: ಬಾಲ ಅಲ್ಲ ಅದು. ವೈರು.

ಸರಸ್ವತೀಬಾಯಿ: ಬಾಲ ಆಗಿದ್ರ ದೇವರು ಕೊಟ್ಟದ್ದು ಅಂತ ಸುಮ್ಮನ ಇರ್ತಿದ್ದೆ.

(ತುಂಗಭದ್ರಾ ಡ್ಯಾಮಿನ ಹತ್ತಿರ ಒಂದು ಮನೆ. ಬೆಳಗಿನ ಎಂಟು ಗಂಟೆ. ಹಿನ್ನೀರಿನ ಮೇಲಿಂದ ಎದ್ದ ಮಂಜು ಇನ್ನೂ ಕಾಂಪೌಂಡಿನ ದಾಸವಾಳದ ತನಕ ಬಂದು ನಿಂತಿದೆ. ಅಡುಗೆಮನೆಯ ಬಾಗಿಲಲ್ಲಿ ಸರಸ್ವತೀಬಾಯಿ ನಿಂತಿದ್ದಾರೆ. ಕೈಯಲ್ಲಿ ಮಡಿಬಟ್ಟೆಯನ್ನು ಮುಟ್ಟದೆ ಎತ್ತುವ ಮಡಿಕೋಲು. ಅದರ ತುದಿಯಲ್ಲಿ, ಹಿಡಿದ ಹಾವನ್ನು ಊರಾಚೆ ಬಿಡಲು ಒಯ್ಯುವಂತೆ, ಒಂದು ಧಾಬಳಿ. ಮಡಿಯಲ್ಲಿ ಹೊದೆಯುವ ಉಣ್ಣೆಯ ಬಟ್ಟೆ ಅದು. ಹತ್ತಿಯದಾದರೆ ದಿನವೂ ನೀರಿಗೆ ಹಾಕಿ, ಯಾರೂ ಮುಟ್ಟದಂತೆ ಒಣಗಿಸಬೇಕು; ಉಣ್ಣೆಗೆ ಆ ಕಷ್ಟವಿಲ್ಲ. ಧಾಬಳಿಯ ಒಂದು ಮೂಲೆಯಿಂದ ಕೆಂಪು ಮತ್ತು ಕಪ್ಪು ವೈರುಗಳು ಇಳಿದು, ನೆಲದ ಮೇಲೆ ಮಣೆ ಹಾಕಿ ಕೂರಿಸಿದ ಒಂದು ಬ್ಯಾಟರಿಯ ಬಳಿ ಮುಗಿಯುತ್ತವೆ.

ತಿರುಮಲರಾಯರು ಡ್ಯಾಮಿನ ಪವರ್ ಹೌಸಿನಲ್ಲಿ ಮೂವತ್ತೊಂದು ವರ್ಷ ಎಲೆಕ್ಟ್ರಿಕಲ್ ಫೋರ್‌ಮನ್ ಆಗಿದ್ದವರು. ನಿವೃತ್ತರಾದ ಮೇಲೆ ಮನೆಯ ಯಾವ ವಸ್ತುವನ್ನೂ ತನ್ನ ಪಾಡಿಗೆ ಇರಲು ಬಿಟ್ಟಿಲ್ಲ.)

ಸರಸ್ವತೀಬಾಯಿ: ಮದವಿಯೊಳಗ ನಮ್ಮಪ್ಪ ನಿಮಗ ಕೊಟ್ಟ ಧಾಬಳಿ ಇದು.

ತಿರುಮಲರಾವ್: ನಿಮ್ಮಪ್ಪ ಕೊಟ್ಟಾಗ ಬರೇ ಬಟ್ಟಿ ಇತ್ತು. ಈಗ ಇದಕ್ಕ ಶಕ್ತಿ ಬಂದದ. ಹೊದ್ದು ಕೂತ್ರ ಮೂರು ತಾಸು ಒಲಿ ಮುಂದ ಕೂತಂಗ.

ಸರಸ್ವತೀಬಾಯಿ: ಮಡಿಗೆ ಹೊಲಿದ ಬಟ್ಟಿ ನಡಿಯೂದಿಲ್ಲ.

ತಿರುಮಲರಾವ್: ಹೊಲಿದಿಲ್ಲ. ಸೂಜಿ ಮುಟ್ಟಿಲ್ಲ.

ಸರಸ್ವತೀಬಾಯಿ: ಮತ್ತ ವೈರು ಒಳಗ ಹೆಂಗ ಹೋತು?

ತಿರುಮಲರಾವ್: ನುಸಿ ತಿಂದ ತೂತಿನೊಳಗಿಂದ. ನೂರಾ ನಲವತ್ತೆರಡು ತೂತು ಅವ. ಒಂದರಾಗ ಹಾಕೀನಿ, ಇನ್ನೊಂದರಾಗ ತಗದೀನಿ. ನಾ ಒಂದು ತೂತೂ ಮಾಡಿಲ್ಲ. ನುಸಿ ಹಾಕಿಕೊಟ್ಟ ಹಾದಿಯೊಳಗ ಹೋಗೀನಿ, ಅಷ್ಟ.

ಸರಸ್ವತೀಬಾಯಿ: ಅಂದ್ರ ಮೂವತ್ತೆಂಟು ವರ್ಷದಿಂದ ನುಸಿನೂ ನಿಮ್ಮ ಕೈಕೆಳಗೇ ಕೆಲಸ ಮಾಡ್ಲಿಕ್ಕತ್ತಿದ್ವು.

ತಿರುಮಲರಾವ್: ಒಂದು ರೀತಿಯೊಳಗ ಹೌದು.

ಸರಸ್ವತೀಬಾಯಿ: ಈ ವೈರು ಎಲ್ಲಿದು?

ತಿರುಮಲರಾವ್: ಸಂಡೂರಿನ ಗುಜರಿ ಅಂಗಡಿದು. ಕಾರಿನ ಸೀಟಿನೊಳಗ ಇರ್ತದ. ಸೀಟು ಬೆಚ್ಚಗ ಮಾಡೂ ತಂತಿ. ಯಾವುದೋ ಮೈನ್ಸಿನ ದೊಡ್ಡ ಸಾಹೇಬರ ಕಾರಂತ.

ಸರಸ್ವತೀಬಾಯಿ: ಆ ಸಾಹೇಬರು ಸೀಟಿನ ಮ್ಯಾಲ ಎಷ್ಟು ವರ್ಷ ಕೂತಿದ್ರು?

ತಿರುಮಲರಾವ್: ಆರೇಳು ವರ್ಷ ಇರಬೇಕು.

ಸರಸ್ವತೀಬಾಯಿ: ಮಡಿಯೊಳಗ ಕೂತಿದ್ರೇನು?

(ತಿರುಮಲರಾಯರು ಈ ಪ್ರಶ್ನೆಯನ್ನು ನಿರೀಕ್ಷಿಸಿದ್ದರು.)

ತಿರುಮಲರಾವ್: ತಂತಿಗೆ ಸ್ನಾನ ಮಾಡಿಸೀನಿ. ಮೂರು ಸಲ. ಜೋಡಿಸೂಕಿಂತ ಮೊದಲ ಕಾಲುವಿಗೆ ಒಯ್ದು, ಮುಳುಗಿಸಿ, ಸಂಕಲ್ಪ ಹೇಳಿ ತಂದೀನಿ. ಜೋಡಿಸೂಮುಂದ ನಾನೂ ಮಡಿ ಉಟ್ಟಿದ್ದೆ.

ಸರಸ್ವತೀಬಾಯಿ: ಯಾವ ಗೋತ್ರ ಹೇಳಿದ್ರಿ?

ತಿರುಮಲರಾವ್: ನಮ್ಮದೇ ಹೇಳ್ದೆ. ಸಾಹೇಬರದು ಗೊತ್ತಿರಲಿಲ್ಲ.

ಸರಸ್ವತೀಬಾಯಿ: ಹಂಗಿದ್ರ ಇನ್ನೊಂದು ಸಲ ನೀರಿಗೆ ಹಾಕಿ ತಗೀತೀನಿ. ನನ್ನ ಸಮಾಧಾನಕ್ಕ.

ತಿರುಮಲರಾವ್: ಏ, ಬ್ಯಾಡ! ಈಗ ವೈರು ಕೂಡಿಸೀನಿ. ಜೋಡಿಸಿದಲ್ಲಿ ನೀರು ತಾಗಿದ್ರ ಕೆಟ್ಟು ಹೋಗ್ತದ.

ಸರಸ್ವತೀಬಾಯಿ: ನೀರು ತಾಗಿದ್ರ ಕೆಡೂ ಮಡಿಬಟ್ಟಿ ನಾ ಇವತ್ತೇ ನೋಡೂದು.

(ಮಡಿಕೋಲು ಬ್ಯಾಟರಿಯತ್ತ ತಿರುಗಿತು.)

ಸರಸ್ವತೀಬಾಯಿ: ಮಣಿ ಮ್ಯಾಲ ಕೂತಾನಲ್ಲ, ಇವ ಯಾರು?

ತಿರುಮಲರಾವ್: ಬ್ಯಾಟರಿ. ಹನ್ನೆರಡು ವೋಲ್ಟು. ಮೆಟ್ರಿ ಊರಿನ ರೈತ ಹುಲುಗೇಶ ಕೊಟ್ಟ. ಭತ್ತಕ್ಕ ಔಷಧ ಹೊಡಿಯೂ ಪಂಪಿಂದು.

ಸರಸ್ವತೀಬಾಯಿ: ಹುಳದ ಔಷಧ?

ತಿರುಮಲರಾವ್: ಔಷಧ ಪಂಪಿನೊಳಗ ಇರ್ತದ. ಬ್ಯಾಟರಿಯೊಳಗ ಇರೂದು ಕರೆಂಟು. ಆ ಕರೆಂಟು ಏನು ಅಂತ ತಿಳಕೋ. ಡ್ಯಾಮಿನ ನೀರು ಬೀಳ್ತದ, ಚಕ್ರ ತಿರುಗ್ತದ, ಕರೆಂಟು ಬರ್ತದ. ಅಂದ್ರ ಇದರೊಳಗ ಇರೂದು ಸಾಕ್ಷಾತ್ ತುಂಗಭದ್ರಾ. ಇದನ್ನ ಹೊದ್ದುಕೊಂಡ್ರ ಹೊಳಿಯೊಳಗ ನಿಂತಂಗ.

ಸರಸ್ವತೀಬಾಯಿ: ಹಂಗಿದ್ರ ಸ್ನಾನ ಯಾಕ ಮಾಡ್ತೀರಿ? ಪ್ಲಗ್ಗಿನೊಳಗ ಬೆರಳಿಟ್ಟು ಆಚಮನ ಮಾಡಿಬಿಡ್ರಿ.

ತಿರುಮಲರಾವ್: ನಾ ಶಾಸ್ತ್ರ ಮಾತಾಡ್ಲಿಕ್ಕತ್ತೀನಿ.

ಸರಸ್ವತೀಬಾಯಿ: ನಮ್ಮನಿ ಕರೆಂಟು ಡ್ಯಾಮಿಂದಲ್ಲ, ಕುಡುತಿನಿಯೊಳಗ ಕಲ್ಲಿದ್ದಲು ಸುಟ್ಟು ಮಾಡಿದ್ದು ಅಂತ ನೀವೇ ಹೋದ ತಿಂಗಳು ಯಾರಿಗೋ ಹೇಳ್ತಿದ್ದ್ರಿ.

ತಿರುಮಲರಾವ್: ಕಲ್ಲಿದ್ದಲು ಅಂದ್ರ ಅಗ್ನಿ. ಅಗ್ನಿಗೂ ಮೈಲಿಗಿ ಇಲ್ಲ.

(ಸರಸ್ವತೀಬಾಯಿ ಗೋಡೆಯ ಗಡಿಯಾರ ನೋಡಿದರು. ಇಬ್ಬರೂ ಅಷ್ಟು ಹೊತ್ತಿನಿಂದ ಸುತ್ತು ಬಳಸಿ ತಪ್ಪಿಸಿಕೊಂಡಿದ್ದ ಮಾತು ಅಲ್ಲಿತ್ತು. ಮರುದಿನದಿಂದ ಧನುರ್ಮಾಸ. ಮೂವತ್ತು ದಿನ ಸೂರ್ಯ ಹುಟ್ಟುವ ಮೊದಲೇ ತಣ್ಣೀರು ಮಿಂದು, ಪೂಜೆ ಮುಗಿಸಿ, ಬಿಸಿ ಹುಗ್ಗಿ ನೈವೇದ್ಯ ಮಾಡಬೇಕು. ಹೋದ ವರ್ಷ ಹನ್ನೊಂದನೆಯ ದಿನ ತಿರುಮಲರಾಯರು ಮಂಗಳಾರತಿಯ ನಡುವೆ ಸೀನಿದರು. ನಂದಾದೀಪ ಆರಿತು. ಆಮೇಲೆ ಕಫ ಕಟ್ಟಿ ಹದಿನೈದು ದಿನ ಹಾಸಿಗೆ. ಈ ವರ್ಷ ಶಾಲಿಗ್ರಾಮಗಳನ್ನಿಟ್ಟ ಸಂಪುಟವನ್ನು ರಾಯರ ತಮ್ಮ ಮಧ್ವೇಶ ಕಂಪ್ಲಿಗೆ ಒಯ್ದು ತಾನೇ ಪೂಜೆ ಮಾಡುವುದೆಂದು ಫೋನಿನಲ್ಲಿ ಮಾತಾಗಿತ್ತು. ಒಂಬತ್ತು ಗಂಟೆಗೆ ಅವನು ಬರುವವನಿದ್ದ.)

ತಿರುಮಲರಾವ್: ಇದನ್ನ ಹೊದ್ದು ನಾ ಮೂವತ್ತು ದಿನಾ ಕೂಡ್ತೀನಿ. ಸಂಪುಟ ಕಂಪ್ಲಿಗೆ ಹೋಗೂದು ಬ್ಯಾಡ.

ಸರಸ್ವತೀಬಾಯಿ: ಒಯ್ಯಿ ಅಂತ ಅವಗ ಹೇಳಿದವರು ನೀವೇ.

ತಿರುಮಲರಾವ್: ಮಾತಿಗೆ ಹೇಳ್ದೆ. ಅವ ಹೂಂ ಅಂದ. ಹೂಂ ಅನ್ಬೇಕಾಗಿತ್ತೇನು? ಬ್ಯಾಡಣ್ಣ, ನೀನೇ ಮಾಡು ಅಂತಾನ ಅಂತಿದ್ದೆ.

ಸರಸ್ವತೀಬಾಯಿ: ಕಂಪ್ಲಿಗೆ ಹೋದದ್ದು ತಿರುಗಿ ಬರೂದಿಲ್ಲ, ನೆನಪಿಟ್ಕೋರಿ. ನಮ್ಮ ಹೋಳಿಗಿ ಹಂಚು ಹೋಗಿ ಹದಿನಾಲ್ಕು ವರ್ಷ ಆತು. ಎರಡು ದಿನಕ್ಕ ಅಂತ ಒಯ್ದಾರ.

ತಿರುಮಲರಾವ್: ಅದಕ್ಕs ಹೇಳ್ಲಿಕ್ಕತ್ತೀನಿ! ಅಪ್ಪ ಕಣ್ಣು ಮುಚ್ಚೂಮುಂದ ಆ ಸಂಪುಟ ನನ್ನ ಕೈಯೊಳಗ ಇಟ್ಟಾನ. ನಿನ್ನ ಕೈಯೊಳಗ ಆಗೂದಿಲ್ಲ ಅಂತ ಮಂದಿ ಅಂದ್ರ... ಏ, ಹೋಗ್ಲಿ. ನೀ ಒಮ್ಮೆ ಪರೀಕ್ಷಾ ಮಾಡಿ ನೋಡು.

(ಸರಸ್ವತೀಬಾಯಿ ಸ್ವಲ್ಪ ಹೊತ್ತು ಅವರ ಮುಖ ನೋಡಿದರು. ಆಮೇಲೆ ಮಡಿಕೋಲಿನಿಂದಲೇ ದೇವರಮನೆಯ ದಾರಿ ತೋರಿಸಿದರು.

ದೇವರಮನೆ ಚೆಂದವಾಗಿದೆ. ಅದರ ನಕ್ಷೆ ತಿರುಮಲರಾಯರದೇ. ಕರಿಕಲ್ಲಿನ ನೆಲ, ಡ್ಯಾಮಿನತ್ತ ತೆರೆದ ದೊಡ್ಡ ಕಿಟಕಿ. ಡಿಸೆಂಬರಿನಲ್ಲಿ ನೀರಿನ ಮೇಲಿನ ಗಾಳಿ ಊರನ್ನು ಮುಟ್ಟುವ ಮೊದಲು ಆ ಕಿಟಕಿಯೊಳಗೆ ಬಂದು ಹೋಗುತ್ತದೆ. ರಾಯರು ಮತ್ತೆ ಮಿಂದು ಮಡಿ ಉಟ್ಟು ಬಂದರು. ಧಾಬಳಿ ಹೊದ್ದರು. ವೈರನ್ನು ಬ್ಯಾಟರಿಗೆ ಕಟಕ್ ಎಂದು ಸಿಕ್ಕಿಸಿದರು.)

ಸರಸ್ವತೀಬಾಯಿ: ಸ್ವಿಚ್ ಎಲ್ಲೆ?

ತಿರುಮಲರಾವ್: ಇಟ್ಟಿಲ್ಲ. ಮಡಿಯೊಳಗ ಪ್ಲಾಸ್ಟಿಕ್ ಮುಟ್ಟಬಾರದು ಅಂತ ನೀನೇ ಅಲ್ಲೇನು ಹೇಳೂದು? ಕ್ಲಿಪ್ಪಿಗೂ ತಾಮ್ರಾನ ಹಚ್ಚೀನಿ.

ಸರಸ್ವತೀಬಾಯಿ: ಆರಿಸೂದು ಹೆಂಗ?

ತಿರುಮಲರಾವ್: ಆರಿಸೂದಿಲ್ಲ. ಮೂರು ತಾಸಿಗೆ ತಾನೇ ಸೋಲ್ತದ. ಪೂಜಿ ನಡಬರಕ ಕಳಚಬಾರದಂತ ಕ್ಲಿಪ್ಪು ಭಾಳ ಬಿಗಿ ಮಾಡೀನಿ. ಇಕ್ಕಳ ಇಲ್ದ ಬಿಡೂದಿಲ್ಲ.

(ಐದು ನಿಮಿಷ ಕಳೆಯಿತು. ಕಿಟಕಿಯ ಗಾಳಿಗೆ ತುಳಸಿಯ ಹಾರ ಅಲುಗಿತು. ರಾಯರು ಅಲುಗಲಿಲ್ಲ.)

ಸರಸ್ವತೀಬಾಯಿ: ಹೆಂಗ ಅದ?

ತಿರುಮಲರಾವ್: ವೈಕುಂಠ.

ಸರಸ್ವತೀಬಾಯಿ: ಹಣಿ ಮ್ಯಾಲ ಬೆವರು ಬಂದದಲ್ಲ. ಬೆವರು ಬಂದ್ರ ಮತ್ತ ಸ್ನಾನ ಮಾಡಬೇಕು.

ತಿರುಮಲರಾವ್: ಬೆವರಲ್ಲ. ಭಕ್ತಿ.

ಸರಸ್ವತೀಬಾಯಿ: ಆತು. ಪ್ರದಕ್ಷಿಣಿ ಹಾಕಿ ತೋರಿಸ್ರಿ.

(ರಾಯರು ಎದ್ದು ನಿಂತಲ್ಲೇ ಬಲಕ್ಕೆ ಒಂದು ಸುತ್ತು ತಿರುಗಿದರು. ವೈರು ಮೊಣಕಾಲಿಗೆ ಒಂದು ಸುತ್ತು ಬಂತು. ಇನ್ನೊಂದು ತಿರುಗಿದರು. ಬ್ಯಾಟರಿ ಮಣೆಯ ಸಮೇತ ಒಂದು ಗೇಣು ಹತ್ತಿರ ಬಂತು.)

ಸರಸ್ವತೀಬಾಯಿ: ಮೂರನೇದಕ್ಕ ಅದೂ ನಿಮ್ಮ ಜೋಡಿ ತಿರುಗ್ತದ.

ತಿರುಮಲರಾವ್: ಎರಡು ಬಲಕ್ಕ ಹಾಕಿ ಎರಡು ಎಡಕ್ಕ ಹಾಕಿದ್ರ ಬಿಚ್ಚಿಕೊಳ್ತದ.

ಸರಸ್ವತೀಬಾಯಿ: ಎಡಕ್ಕ ಹಾಕಿದ್ರ ಬಲಕ್ಕ ಹಾಕಿದ ಪುಣ್ಯಾನೂ ಬಿಚ್ಚಿಕೊಳ್ತದ.

(ಅವರು ಅಡುಗೆಮನೆಗೆ ಹೋಗಿ, ಮರುದಿನದ ಹುಗ್ಗಿಗೆಂದು ಮೆಣಸು ಕುಟ್ಟತೊಡಗಿದರು. ನಾಲ್ಕನೆಯ ಪೆಟ್ಟಿಗೆ ದೇವರಮನೆಯಿಂದ ಸೀನು ಕೇಳಿತು. ದೊಡ್ಡ ಸೀನು.)

ತಿರುಮಲರಾವ್ (ಒಳಗಿನಿಂದಲೇ): ಇದು ಥಂಡಿ ಸೀನಲ್ಲ! ಮೆಣಸಿನ ಸೀನು!

ಸರಸ್ವತೀಬಾಯಿ: ದೀಪಕ್ಕ ಎರಡೂ ಒಂದೇ.

(ಗೇಟಿನ ಸದ್ದಾಯಿತು. ಮಧ್ವೇಶ ಬಂದ. ಕಂಪ್ಲಿಯ ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟರು. ಅಣ್ಣನಿಗಿಂತ ಎಂಟು ವರ್ಷ ಚಿಕ್ಕವನು; ಹೆಂಡತಿ ಶ್ರೀಲಕ್ಷ್ಮೀಯನ್ನು ಊರಲ್ಲೇ ಬಿಟ್ಟು ಬಂದಿದ್ದಾನೆ. ಮಂಗನ ಟೋಪಿ, ಅದರ ಮೇಲೆ ಮಫ್ಲರು, ಸ್ವೆಟರು, ಅದರ ಮೇಲೆ ಶಾಲು. ಕೈಯಲ್ಲಿ ಸಂಪುಟ ಒಯ್ಯಲೆಂದು ತಂದ, ಒಗೆದು ಇಸ್ತ್ರಿ ಮಾಡಿದ ಬಟ್ಟೆಯ ಚೀಲ. ತಿರುಮಲರಾಯರು ಕಾಲಿಗೆ ಸುತ್ತಿದ ವೈರು ಬಿಡಿಸಿಕೊಂಡು, ಧಾಬಳಿಯನ್ನು ಮಣೆಯ ಮೇಲೆ ಬಿಟ್ಟು, ಪಡಸಾಲೆಗೆ ಬಂದು ಎದೆ ಎತ್ತಿ ಕೂತರು.)

ಸರಸ್ವತೀಬಾಯಿ: ಬಾಪ್ಪಾ ಮಧ್ವೇಶ. ಕೂಡ್ರು. ಬಸ್ಸು ಲಗೂನ ಸಿಕ್ತೇನು?

ಮಧ್ವೇಶ: ಸಿಕ್ತು ವೈನಿ. ಆದ್ರ ಏನು ಥಂಡಿ! ಈ ವರ್ಷ ನಮ್ಮ ಕಂಪ್ಲಿಯೊಳಗ ಭಾಳ ಥಂಡಿ.

ತಿರುಮಲರಾವ್: ನಿನಗೇನಪ್ಪ. ನೀ ಹೊಳಿಯೊಳಗ ಮುಳುಗಿ ಏಳೂ ಗಂಡಸು.

ಮಧ್ವೇಶ: ಹೊಳಿ ನೀರಂತೂ ಕೈ ಹಾಕಿದ್ರ ಬೆರಳು ನಮ್ಮವಲ್ಲ ಅನಸ್ತಾವ.

ತಿರುಮಲರಾವ್: ಕೇಳಿದಿ? ಅಂಥಾ ನೀರಿನ್ಯಾಗ ಕೈ ಹಾಕ್ತಾನಂತ. ನಮ್ಮ ಮುಂದ ಹೇಳಿ ತೋರಿಸ್ತಾನ.

ಮಧ್ವೇಶ: ತೋರಿಸೂದೇನು ಬಂತಣ್ಣ? ಶ್ರೀಲಕ್ಷ್ಮೀಗೂ ಸೊಂಟ ನೋವು. ನಸಿಕಿನ್ಯಾಗ ಏಳೂದು ಆಕಿಗೆ...

ತಿರುಮಲರಾವ್: ಸೊಂಟ ನೋವಿದ್ರೂ ಏಳ್ತಾಳಂತ. ಇಬ್ಬರೂ ಗಟ್ಟಿ ಆಗೀರಿ ಬಿಡು. ನಾನೊಬ್ಬನೇ ಕೆಲಸಕ್ಕ ಬಾರದಾಂವ.

ಮಧ್ವೇಶ: ನಾ ಹಂಗಂದೆನೇನು? ವೈನಿ, ನಾ ಹಂಗಂದೆನೇನು?

ತಿರುಮಲರಾವ್: ಸಂಪುಟ ಒಳಗ ಅದ. ಒಯ್ಯಿ. ಚೀಲಕ್ಕ ಇಸ್ತ್ರಿ ಸೈತ ಹೊಡದು ತಂದೀಯಲ್ಲ.

ಮಧ್ವೇಶ: ಇಸ್ತ್ರಿ ಹೊಡದದ್ದು ಚೆಂದಕ್ಕಲ್ಲಣ್ಣ, ಬೆಚ್ಚಗಿರ್ಲಿ ಅಂತ ಬಿಸಿ ಚೀಲ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಳ್ಳಿಕ್ಕೆ. ನೀ ಒಯ್ಯಿ ಅಂದಿ. ದೊಡ್ಡಾಂವ ಅಂದಾಗ ಒಲ್ಲೆ ಅನ್ನಲಿಕ್ಕೆ ಬರ್ತದೇನು?

ತಿರುಮಲರಾವ್: ಸಣ್ಣಾಂವ ಹೂಂ ಅಂದಾಗ ಬ್ಯಾಡ ಅನ್ನಲಿಕ್ಕೆ ಬರ್ತದೇನು?

(ಇಬ್ಬರೂ ಒಬ್ಬರನ್ನೊಬ್ಬರು ದುರುದುರು ನೋಡಿದರು. ಆಡಿದ ಮಾತು ಏನೆಂದು ಇಬ್ಬರಿಗೂ ಹೊಳೆಯಲಿಲ್ಲ. ಸರಸ್ವತೀಬಾಯಿಗೆ ಹೊಳೆಯಿತು. ಅವರು ಒಳಗೆ ಹೋದರು. ಬರುವಾಗ ಒಂದು ಕೈಯಲ್ಲಿ ಬ್ಯಾಟರಿ; ಇನ್ನೊಂದು ಕೈಯ ಮಡಿಕೋಲಿನಲ್ಲಿ ಧಾಬಳಿ, ಇನ್ನೂ ಬಿಸಿಯಾಗಿ.)

ಸರಸ್ವತೀಬಾಯಿ: ಮಧ್ವೇಶ, ನಿಮ್ಮಣ್ಣ ಏನು ಮಾಡ್ಯಾರ ನೋಡು.

(ಕೋಲು ಓರೆಯಾಯಿತು. ಧಾಬಳಿ ಜಾರಿ ಮಧ್ವೇಶನ ಹೆಗಲ ಮೇಲೆ ಬಿತ್ತು.)

ತಿರುಮಲರಾವ್: ಏ! ಏ! ಬಸ್ಸಿನಿಂದ ಬಂದಾನ ಅವ! ಮೈಲಿಗಿ ಆತು!

ಸರಸ್ವತೀಬಾಯಿ: ಆತೇನು?

ತಿರುಮಲರಾವ್: ಇಲ್ಲ, ತಡಿ. ಉಣ್ಣಿ ಅದು. ಉಣ್ಣಿಗೆ ಮೈಲಿಗಿ ಇಲ್ಲ.

ಸರಸ್ವತೀಬಾಯಿ: ಉಣ್ಣಿಗೆ ಇಲ್ಲ. ವೈರಿಗೆ ಅದ. ನೀರಿಗೆ ಹಾಕಿ ಕೊಡ್ಲೇನು?

ತಿರುಮಲರಾವ್: ನೀರಿಗೆ ಹಾಕಿದ್ರ...

ಸರಸ್ವತೀಬಾಯಿ: ಕೆಡ್ತದ.

(ಮಧ್ವೇಶ ಈ ಮಾತುಗಳಲ್ಲಿ ಇರಲಿಲ್ಲ. ಅವನು ಮೊದಲು ಮಫ್ಲರು ತೆಗೆದ. ಆಮೇಲೆ ಮಂಗನ ಟೋಪಿ. ಹತ್ತು ವರ್ಷಗಳಿಂದ ಡಿಸೆಂಬರಿನಲ್ಲಿ ಅವನ ಕಿವಿಗಳನ್ನು ಯಾರೂ ನೋಡಿರಲಿಲ್ಲ.)

ಮಧ್ವೇಶ: ಅಣ್ಣ. ಇದು ನೀ ಮಾಡಿದ್ದೇನು?

ತಿರುಮಲರಾವ್ (ಅರೆಮನಸ್ಸಿನಿಂದ): ಹೂಂ.

ಮಧ್ವೇಶ: ನೀನೇ?

ತಿರುಮಲರಾವ್: ನುಸಿ ತೂತು ನೂರಾ ನಲವತ್ತೆರಡು ಇದ್ದವು. ಒಂದರಾಗ ಹಾಕಿ ಇನ್ನೊಂದರಾಗ ತಗದೀನಿ.

ಮಧ್ವೇಶ: ನಮ್ಮಪ್ಪಾಜಿ ಇದ್ದಿದ್ರ ಕಣ್ಣಾಗ ನೀರು ತಂದುಕೊಳ್ತಿದ್ದ.

(ತಿರುಮಲರಾಯರ ಮುಖ ಮೆತ್ತಗಾಯಿತು. ಧಾಬಳಿಗೆ ತಂತಿ ಹಾಕಿದ ಮೂರು ವಾರವೂ ಅವರು ಇಂಥ ಮಾತಿಗಾಗಿ ಕಾದಿದ್ದರು. ಅದು ಬೇರೆ ಬಾಯಿಂದ ಬಂತು.)

ಸರಸ್ವತೀಬಾಯಿ: ಒಯ್ಯಪ್ಪ. ಶ್ರೀಲಕ್ಷ್ಮೀ ಸೊಂಟಕ್ಕೂ ಆಗ್ತದ. ಎಲ್ಲೆ ನಿನ್ನ ಚೀಲ?

ಮಧ್ವೇಶ: ಚೀಲ ಸಂಪುಟಕ್ಕ ಅಂತ...

ಸರಸ್ವತೀಬಾಯಿ: ಎರಡೂ ಹಿಡಿಯೂದಿಲ್ಲ. ಬ್ಯಾಟರಿ ಎರಡೂವರಿ ಕಿಲೋ ಅದ. ಒಂದು ಆರಿಸ್ಕೋ.

(ಮಧ್ವೇಶ ಆರಿಸಿಕೊಳ್ಳಲು ತೆಗೆದುಕೊಂಡ ಹೊತ್ತು ಬಹಳ ಕಡಿಮೆ. ಬ್ಯಾಟರಿ ಚೀಲದೊಳಗೆ, ಚೀಲ ಕಂಕುಳಲ್ಲಿ, ಧಾಬಳಿ ಶಾಲಿನ ಕೆಳಗೆ. ಕಾಫಿಗೂ ನಿಲ್ಲದೆ ಹೊರಟ. ಬಾಗಿಲಲ್ಲಿ ಮಾತ್ರ ಒಮ್ಮೆ ತಿರುಗಿ ದೇವರಮನೆಯತ್ತ ಕೈ ಮುಗಿದ, ಸಾಲ ಮನ್ನಾ ಆದವನಂತೆ.)

ತಿರುಮಲರಾವ್: ಸಂಪುಟ ಉಳೀತು.

ಸರಸ್ವತೀಬಾಯಿ: ಉಳೀತು.

ತಿರುಮಲರಾವ್: ಧಾಬಳಿ ಹೋತು.

ಸರಸ್ವತೀಬಾಯಿ: ಹೋತು.

ತಿರುಮಲರಾವ್: ನಾಳೆ ನಾ ಏನು ಹೊದ್ದು ಕೂಡ್ಲಿ? ಮತ್ತ ಹನ್ನೊಂದನೇ ದಿನಕ್ಕ ಸೀನ್ಲೇನು?

(ಸರಸ್ವತೀಬಾಯಿ ಅಡುಗೆಮನೆಗೆ ಹೋದರು. ಇದ್ದಿಲಿನ ಶೆಗಡಿಯನ್ನು ಕಾಲಿನಿಂದ ಒಂದು ಮೊಳ ಸರಿಸಿದರು. ಅಲ್ಲಿ ತೆರವಾದ ಜಾಗದಲ್ಲಿ, ಈಶಾನ್ಯದ ಮೂಲೆಗೆ, ಒಂದು ಮಣೆ ಹಾಕಿದರು.)

ಸರಸ್ವತೀಬಾಯಿ: ನಾಲ್ಕೂವರಿಗೆ ನಾ ಶೆಗಡಿ ಹಚ್ತೀನಿ. ಹುಗ್ಗಿ ಕುದಿಯೂತನ ನೀವು ಇಲ್ಲೆ ಕೂತು ಪೂಜಿ ಮಾಡ್ರಿ. ನಮ್ಮ ತವರಮನಿಯೊಳಗ ದೇವರು ಅಡಗಿಮನಿಯೊಳಗs ಇದ್ದ.

(ತಿರುಮಲರಾಯರು ಮಣೆ ನೋಡಿದರು. ಶೆಗಡಿ ನೋಡಿದರು. ನಡುವಿನ ಅಂತರವನ್ನು ಕಣ್ಣಲ್ಲೇ ಅಳೆದರು.)

ತಿರುಮಲರಾವ್: ಇದನ್ನ ಮೊದಲs ಯಾಕ ಹೇಳ್ಲಿಲ್ಲ?

ಸರಸ್ವತೀಬಾಯಿ: ಹೋದ ವರ್ಷ ಹೇಳ್ದೆ. ನೀವು ಸೀನಲಿಕ್ಕತ್ತಿದ್ದ್ರಿ. ಮನಿ ಕಟ್ಟೂಮುಂದನೂ ಹೇಳ್ದೆ. ನೀವು ಕಿಟಕಿ ಬರೀಲಿಕ್ಕತ್ತಿದ್ದ್ರಿ.

(ಮಂಜು ಕರಗಿ ದಾಸವಾಳದ ಗಿಡಕ್ಕೆ ಬಿಸಿಲು ಬಂದಿತ್ತು.)

ಸರಸ್ವತೀಬಾಯಿ: ಮೂವತ್ತೆಂಟು ಧನುರ್ಮಾಸ ನಾನೂ ಒದ್ದಿ ಸೀರಿಯೊಳಗs ನಿಂತೀನಿ. ಈಕಿ ಯಾಕ ಒಂದು ಸಲಾನೂ ಸೀನ್ಲಿಲ್ಲ ಅಂತ ಒಮ್ಮೆ ಕೇಳ್ಬೇಕಿತ್ತು ನೀವು.

ತಿರುಮಲರಾವ್: ನಿನಗ ಥಂಡಿ ಹತ್ತೂದಿಲ್ಲ ಅಂತ ಮಾಡಿದ್ದೆ.

ಸರಸ್ವತೀಬಾಯಿ: ಹತ್ತೂದಿಲ್ಲ ಅಂತಲ್ಲ. ನಾ ಒಲಿ ಮುಂದ ಇರ್ತೀನಿ.

(ಮುಕ್ಕಾಲು ತಾಸಿನ ಮೇಲೆ ಫೋನು ಹೊಡೆಯಿತು. ರಾಯರು ಸ್ಪೀಕರ್ ಹಾಕಿದರು. ಬಸ್ಸಿನ ಸದ್ದು, ಅದರೊಳಗೆ ಮಧ್ವೇಶ.)

ಮಧ್ವೇಶ: ಅಣ್ಣ! ಬಿಸಲು ಬಿದ್ದದ, ಬೆವರು ಇಳೀಲಿಕ್ಕತ್ತದ. ಇದು ಆರಿಸೂದು ಹೆಂಗ?

ತಿರುಮಲರಾವ್: ಆರಿಸೂದಿಲ್ಲ. ಮೂರು ತಾಸಿಗೆ ತಾನೇ ಸೋಲ್ತದ.

ಮಧ್ವೇಶ: ಬಾಜೂಕ ಒಬ್ಬಾಕಿ ಮುದುಕಿ ಕೂತಾಳ. ಬುಕ್ಕಸಾಗರದಾಗ ಇಳಿಯೂ ಮುದುಕಿ. ಬೆಚ್ಚಗದ ಅಂತ ನನ್ನ ಹೆಗಲಿಗೆ ತಲಿ ಇಟ್ಟು ಮಲಗ್ಯಾಳ. ಊರು ಬಂತು ಅಂದ್ರ ಏಳೂಕ ಒಲ್ಲಳು. ಕಂಡಕ್ಟರು ನನ್ನ ಬೈಲಿಕ್ಕತ್ಯಾನ.

ತಿರುಮಲರಾವ್: ಆಕಿಗೂ ಟಿಕೀಟು ತಗಿ.

ಮಧ್ವೇಶ: ತಗದೆ! ಅಣ್ಣ, ಸ್ವಿಚ್ ಒಂದು ಹಚ್ಚಿಕೊಡು. ನಾಳೆ ಇದನ್ನ ತಗೊಂಡು ಬಂದುಬಿಡ್ತೀನಿ.

(ತಿರುಮಲರಾಯರ ಕಣ್ಣಲ್ಲಿ ಬೆಳಕು ಬಂತು. ಮೊಬೈಲಿನ ಬಾಯಿಗೆ ಅಂಗೈ ಮುಚ್ಚಿದರು.)

ತಿರುಮಲರಾವ್: ಕೇಳಿದಿ? ನಾಳೆ ವಾಪಸ್ ತರ್ತಾನಂತ. ಸ್ವಿಚ್ ಹಚ್ಚಿ, ಹಂಗs ಜೋಡಿಸಿದಲ್ಲಿಗೂ ನೀರು ಹೋಗದಂಗ ಒಂದು...

ಸರಸ್ವತೀಬಾಯಿ: ತರ್ಲಿ. ಬರೂಮುಂದ ಹೋಳಿಗಿ ಹಂಚೂ ತಗೊಂಡು ಬಾ ಅಂತ ಹೇಳ್ರಿ.

ತಿರುಮಲರಾವ್: ಈಗ ಹಂಚು ಯಾಕ?

ಸರಸ್ವತೀಬಾಯಿ: ಹಂಗಂದ್ರ ಬರೂದಿಲ್ಲ ಅವ.